ಬೋರಲು ಹಾಕದ ಬಟ್ಟಲು

ಹೊಳೆಯ ಕೆಳಗಿನ ಸೀಮೆಯವರ ಬಾಯಿಂದ ಆ ಕಾರ್ತೇಜಿನ ದಂಡನಾಯಕನ ಕಥೆ ಕೇಳಬೇಕು, ಅಬ್ಬಬ್ಬಾ! ಹ್ಯಾನಿಬಲ್ ಅಂತೆ, ಬಂಡೆಯಂಥ ಆನೆಗಳಂತೆ, ರೋಮಿನವರು ಸಮುದ್ರದ ಕಡೆ ಕಣ್ಣು ನೆಟ್ಟು ಕೂತಿದ್ದಾಗ ಈ ಹಿಮದ ಬೆಟ್ಟಗಳನ್ನೇ ಹತ್ತಿ ಅವರ ಹಿತ್ತಲಿಗೆ ಇಳಿದನಂತೆ. ಹೇಳುವವರಿಗೆ ಉಸಿರು ಕಟ್ಟುತ್ತದೆ, ಕೇಳುವವರು ತೆರೆದ ಬಾಯಿ ಮುಚ್ಚುವುದನ್ನು ಮರೆಯುತ್ತಾರೆ. ನಮ್ಮೂರು ಬೆರ್ಗೋನದ ಬನೋನ ಮಾತ್ರ ಈ ಕಥೆ ಶುರುವಾದ ಕೂಡಲೇ ಮೂಗು ಮುರಿಯುತ್ತಿದ್ದಳು. "ಬೆಟ್ಟ ಅಗೆದು ಇಲಿ ಹಿಡಿದ ಗಂಡಸು" ಎನ್ನುತ್ತಿದ್ದಳು. ತಪ್ಪೇನಿಲ್ಲ. ಹತ್ತಿ ಇಳಿಯುವಷ್ಟರಲ್ಲಿ ಅರ್ಧ ಸೈನ್ಯವನ್ನು ಕಂದಕಕ್ಕೂ ಹಿಮಕ್ಕೂ ಕೊಟ್ಟ. ಅಷ್ಟೆಲ್ಲ ಮಾಡಿ ರೋಮು ಬಿತ್ತೇ? ಇಲ್ಲ. ಬರಿದಾದದ್ದು ನಮ್ಮೂರಿನ ಕಣಜ.

ಬೆಟ್ಟ ಹತ್ತಲು ಅವನು ಕಾಲಿಟ್ಟ ಮೊದಲ ಕಣಿವೆ ನಮ್ಮದು. ಆ ಕಣಿವೆಯ ಬಾಯಲ್ಲಿ ಅವನ ಮಹಾಸೈನ್ಯ ಹೊರೆ ಹೊತ್ತ ಕತ್ತೆಯ ಹಾಗೆ ನಿಂತುಬಿಟ್ಟಿತ್ತು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅದನ್ನು ಮುಂದಕ್ಕೆ ಬಿಟ್ಟದ್ದು ಯಾವ ದಂಡನಾಯಕನ ಯಾವ ಬುದ್ಧಿ ಎಂಬುದು ಬನೋನಳಿಗೆ ಗೊತ್ತಿದ್ದಷ್ಟು ಇನ್ನು ಯಾರಿಗೂ ಗೊತ್ತಿರಲಿಲ್ಲ.

ಬನೋನ ಕಂಬಳಿ ಮಾಡುವವಳು. ಕುರಿಯ ಉಣ್ಣೆಯನ್ನು ಬಿಸಿನೀರಲ್ಲಿ ನೆನೆಸಿ, ಚಾಪೆಯಲ್ಲಿ ಸುತ್ತಿ, ಕಾಲಲ್ಲಿ ತುಳಿದು ತುಳಿದು ಗಟ್ಟಿ ಮಾಡುತ್ತಿದ್ದಳು. ತುಳಿಯುವ ಕೆಲಸಕ್ಕೆ ಕಾಲು ಸಾಕು, ನಾಲಿಗೆ ಬಿಡುವಾಗಿರುತ್ತದೆ. ಹಾಗಾಗಿ ಬೀದಿಯಲ್ಲಿ ಹೋಗುವವರು ಬರುವವರು ಎಲ್ಲರೂ ಅವಳ ನಾಲಿಗೆಯ ಕೆಳಗೆ ಹಾದೇ ಹೋಗಬೇಕಿತ್ತು. ಊರ ಯಜಮಾನ ಬ್ರೊಗಿಮಾರನಿಗೆ ಎದೆ ತನಕ ಇಳಿಬಿದ್ದ ಮೀಸೆ. "ಯಜಮಾನ್ರು ಉಣ್ಣೋದು ಅರ್ಧ, ಮೀಸೆ ಉಣ್ಣೋದು ಅರ್ಧ, ಪಾಪ ಅದಕ್ಕೇ ಬಡಕಲಾಗಿದಾರೆ" ಎಂದು ಇವಳು ಅಂದರೆ ಬೀದಿಯೆಲ್ಲ ನಗುತ್ತಿತ್ತು. ನಗು ಕೇಳಿದರೆ ಬನೋನಳಿಗೆ ಹೆಂಡ ಕುಡಿದಂತೆ. ಒಂದು ಸಲ ನಕ್ಕರೆ ಇನ್ನೊಂದು ಹೇಳಬೇಕು, ಇನ್ನೊಂದಕ್ಕೆ ನಕ್ಕರೆ ಹೇಳಬಾರದ್ದನ್ನೂ ಹೇಳಬೇಕು.

ಅವಳ ಗಂಡ ಲಿತುಗೆನ ಇದಕ್ಕೆ ತದ್ವಿರುದ್ಧ. ಕುದುರೆಗಳ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗುವವನು. ಕುದುರೆಗಳ ಜೊತೆ ಇದ್ದೂ ಇದ್ದೂ ಮಾತು ಮರೆತಿದ್ದಾನೆ ಎಂದು ಬನೋನಳೇ ಹೇಳುತ್ತಿದ್ದಳು. ಹೆಂಡತಿ ಊರವರನ್ನು ಆಡಿಕೊಂಡರೆ ಅವನು ಮೀಸೆಯೊಳಗೇ ನಗುತ್ತಿದ್ದ. ತನ್ನನ್ನೇ ಆಡಿಕೊಂಡರೂ ಅಷ್ಟೇ. ಮಕ್ಕಳಿಲ್ಲದ ಮನೆ ಅದು, ಆ ಮನೆಗೆ ಇದ್ದ ಸದ್ದೆಂದರೆ ಅವಳ ಬಾಯಿ, ಇದ್ದ ನೆರಳೆಂದರೆ ಅವನು. ಅವನಿಲ್ಲದಿದ್ದರೆ ತನ್ನ ಗತಿಯೇನು ಎಂದು ಅವಳು ಒಂದು ದಿನವೂ ಯೋಚಿಸಿರಲಿಲ್ಲ. ಯೋಚಿಸುವವಳು ಹಾಗೆ ಮಾತಾಡುತ್ತಿರಲಿಲ್ಲ.

ಇನ್ನು ನಮ್ಮೂರಿನ ಒಲೆಯ ಕಟ್ಟುಪಾಡು. ಹೊತ್ತು ಮುಳುಗಿದ ಮೇಲೆ ಪ್ರತಿಯೊಬ್ಬನೂ ತನ್ನ ಮನೆಯ ಒಲೆಯ ಮುಂದೆ, ತನ್ನ ಬಟ್ಟಲಲ್ಲೇ ಉಣ್ಣಬೇಕು. ಉಂಡು ಬಟ್ಟಲು ಬೋರಲು ಹಾಕಬೇಕು, ಉಂಡ ಒಲೆಗೆ ನಿಯತ್ತಾಗಿದ್ದೇನೆ ಎಂಬ ಗುರುತು ಅದು, ನೆಂಟನಿಗೂ ಅದೇ ಕಟ್ಟು. ಎಲ್ಲ ಬಟ್ಟಲೂ ಬೋರಲಾದ ಮೇಲೆಯೇ ಮನೆಯಾಕೆ ಕೆಂಡದ ಮೇಲೆ ಬೂದಿ ಮುಚ್ಚುವುದು. ಯುದ್ಧದ ದಿನಗಳಲ್ಲಂತೂ ಈ ಕಟ್ಟು ಇನ್ನೂ ಬಿಗಿ. ಯಾವ ಕಾಲದಲ್ಲೋ ಒಬ್ಬ ಶತ್ರುವಿನ ಬಿಡಾರದಲ್ಲಿ ಉಂಡು ಬಂದು ಊರನ್ನು ಮಾರಿದನಂತೆ. ಅಂದಿನಿಂದ ರಾತ್ರಿ ಮನೆಯಲ್ಲಿ ಉಣ್ಣದ ಗಂಡಸು ಶತ್ರುವಿನ ಅನ್ನ ಉಂಡವನೆಂದೇ ಲೆಕ್ಕ. ಇದರ ಬೆನ್ನಿಗೇ ಇನ್ನೊಂದು: ಒಲೆಯ ಮುಂದೆ ಆಡಿದ ಮಾತನ್ನು ಶತ್ರುವಿಗೆ ದಾಟಿಸಿದ ಮನೆಯ ಒಲೆಗೆ ಊರವರು ನೀರು ಸುರಿಯುತ್ತಾರೆ. ಒಲೆ ಆರಿದ ಮನೆಯವರು ಊರು ಬಿಟ್ಟು ಬೆಟ್ಟ ಹತ್ತಬೇಕು. ಚಳಿಗಾಲದ ಹೊಸ್ತಿಲಲ್ಲಿ ಅದು ಸಾವೇ.

ಆ ವರ್ಷ ಶಿಖರಗಳ ಮೇಲೆ ಮೊದಲ ಹಿಮ ಬಿದ್ದಿತ್ತು. ಅಷ್ಟರಲ್ಲಿ ಆ ಸೈನ್ಯ ಬಂದು ಕಣಿವೆಯ ಕೆಳಗೆ ಬಿಡಾರ ಹೂಡಿತು. ಕಣಿವೆಯಲ್ಲಿ ದಾರಿಯೆಂದರೆ ಒಂದೇ, ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಪ್ರಪಾತ. ಮೇಲಿನ ಏಣಿನಲ್ಲಿ, ಅಂದರೆ ಬೆಟ್ಟದ ಚೂಪು ಅಂಚಿನಲ್ಲಿ, ನಮ್ಮವರು ನಿಂತು ಕಲ್ಲು ಉರುಳಿಸಿದರೆ ಕೆಳಗೆ ಆನೆಯೂ ಒಂದೇ ಇರುವೆಯೂ ಒಂದೇ. ಬ್ರೊಗಿಮಾರ ಗಂಡಸರನ್ನೆಲ್ಲ ಏಣಿನ ಮೇಲೆ ನಿಲ್ಲಿಸಿದ. ಕಲ್ಲು ರಾಶಿ ಹಾಕಿದರು, ಈಟಿ ಮಸೆದರು, ಕೆಳಗಿನವರಿಗೆ ಕೇಳಲಿ ಎಂದು ಕೂಗಿದರು. ಕೆಳಗಿನವರು ಕತ್ತು ಎತ್ತಿ ನೋಡಿದರು, ಅಲ್ಲಾಡಲಿಲ್ಲ. ಹೊತ್ತು ಮುಳುಗಿತು. ನಮ್ಮ ವೀರಾಧಿವೀರರು ಈಟಿಯನ್ನು ಹೆಗಲಿಗೆ ಹಾಕಿಕೊಂಡು ಸಾಲಾಗಿ ಮನೆಗೆ ಊಟಕ್ಕೆ ಬಂದರು!

ಬನೋನ ಬಾಗಿಲಲ್ಲೇ ನಿಂತಿದ್ದಳು.

"ಬಂದ್ರು ನೋಡ್ರಪ್ಪ, ಬೆಟ್ಟ ಕಾಯೋ ಗಂಡುಗಳು! ಯಜಮಾನ್ರೇ, ಕೆಳಗಿನೋರಿಗೆ ಹೇಳಿ ಬಂದ್ರಾ, ನಾವು ಊಟಕ್ಕೆ ಹೋಗಿದ್ದೀವಿ, ಬರೋ ತನಕ ಕದಲಬೇಡಿ ಅಂತ?"

"ಏ, ಬಾಯ್ಮುಚ್ಚೇ. ರಾತ್ರಿ ಹೊತ್ತು ಆ ದಾರೀಲಿ ದೆವ್ವಾನೂ ಹತ್ತಲ್ಲ" ಅಂದ ಬ್ರೊಗಿಮಾರ.

"ದೆವ್ವಕ್ಕೆ ಹೆಂಡ್ತಿ ಮನೇಲಿ ಗಂಜಿ ಇಟ್ಕೊಂಡು ಕಾಯ್ತಿರ್ತಾಳೆ, ಅದಕ್ಕೇ ಹತ್ತಲ್ಲ" ಅಂದಳು ಇವಳು. ಬೀದಿ ನಕ್ಕಿತು. ಲಿತುಗೆನನೂ ನಕ್ಕ.

ಮಾರನೆಯ ದಿನವೂ ಅದೇ ಹಾಡು. ಹಗಲೆಲ್ಲ ಏಣಿನ ಮೇಲೆ, ಹೊತ್ತು ಮುಳುಗುವಾಗ ಒಲೆಯ ಮುಂದೆ. ಅವತ್ತು ಸಂಜೆ ಲಿತುಗೆನ ಬಂದು ಕಾಲು ತೊಳೆಯುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ನಿಂತಿದ್ದ. ತಲೆಯ ಮೇಲೆ ಎಲೆಯ ದಂಡೆ, ಕೈಯಲ್ಲಿ ಹಸಿರು ರೆಂಬೆ. ಜಗಳಕ್ಕೆ ಬಂದಿಲ್ಲ, ನೆಂಟನಾಗಿ ಬಂದಿದ್ದೇನೆ ಎಂಬುದಕ್ಕೆ ನಮ್ಮಲ್ಲಿ ಅದೇ ಗುರುತು. ನೋಡಿದರೆ ಬನೋನಳ ತಮ್ಮ ಅತೆಗ್ನ. ಹೇಸರಗತ್ತೆ ವ್ಯಾಪಾರ ಮಾಡುತ್ತೇನೆಂದು ಕೆಳಗಿನ ಸೀಮೆಗೆ ಇಳಿದು ಹೋಗಿ ಎಷ್ಟೋ ವರ್ಷಗಳಾಗಿದ್ದವು.

"ಅಕ್ಕಾ, ಒಲೆ ಉರೀತಾ ಇದೆಯಾ?"

"ಒಲೆ ಉರಿಯೋದು ಹಾಗಿರಲಿ, ನಿನ್ನ ನೋಡಿ ನನ್ನ ಹೊಟ್ಟೆ ಉರೀತಾ ಇದೆ. ಓಡಿಹೋದ ನಾಯಿನೂ ವರ್ಷಕ್ಕೊಂದ್ಸಲ ಮನೆ ಕಡೆ ಮೂಗು ತೋರಿಸುತ್ತೆ ಕಣೋ. ಬಾ, ಕೂತ್ಕೋ. ಏನೋ ಇದು, ಹೊಟ್ಟೆ ಬಂದಿದೆ, ಬುದ್ಧಿ ಬಂದಿಲ್ಲ!"

ಅಕ್ಕ ತಮ್ಮ ಚಿಕ್ಕಂದಿನಿಂದಲೂ ಹಾಗೇ. ಅವಳು ಆಡಿಕೊಳ್ಳುವುದು, ಅವನು ಹೊಟ್ಟೆ ಹಿಡಿದುಕೊಂಡು ನಗುವುದು. ಅಂಥ ನಗುವವನು ಇಡೀ ಬೆರ್ಗೋನದಲ್ಲಿ ಇನ್ನೊಬ್ಬನಿರಲಿಲ್ಲ. ಬನೋನ ಒಣಗಿಸಿಟ್ಟಿದ್ದ ಹಂದಿಮಾಂಸವನ್ನು ಗಂಜಿಗೆ ಹಾಕಿದಳು, ಜವೆಗೋಧಿಯ ಹೆಂಡ ಬಗ್ಗಿಸಿದಳು.

"ಯಾವ ಕಡೆಯಿಂದ ಬಂದೆ?" ಲಿತುಗೆನ ಕೇಳಿದ.

"ಕೆಳಗಿಂದ ಭಾವ. ಆ ಬಿಡಾರದೋರ ಕತ್ತೆಗಳಿಗೆ ಮೇವು ಮಾರೋಕೆ ಹೋಗಿದ್ದೆ. ಅವರ ಸಹವಾಸ ಸಾಕಾಯ್ತು, ಅಕ್ಕನ ಗಂಜಿ ನೆನಪಾಯ್ತು."

ಲಿತುಗೆನನ ಚಮಚ ನಿಧಾನವಾಯಿತು. ಬನೋನಳದ್ದು ಯಾವುದೂ ನಿಧಾನವಾಗಲಿಲ್ಲ.

"ಹೆಂಗಿದಾರೋ ಅವ್ರು? ಆನೆ ಅಂದ್ರೆ ಏನೋ ಅದು?"

"ಮೂಗಲ್ಲಿ ಉಣ್ಣುತ್ತೆ ಅಕ್ಕ."

"ನಮ್ಮ ಯಜಮಾನ್ರು ಮೀಸೇಲಿ ಉಣ್ಣಲ್ವಾ, ಅದರಲ್ಲೇನಿದೆ?"

ಅತೆಗ್ನ ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ಆಮೇಲೆ ಬಟ್ಟಲಿನೊಳಗೆ ನೋಡುತ್ತಾ ಅಂದ: "ಆದ್ರೂ ನಿಮ್ಮೋರನ್ನ ಮೆಚ್ಚಬೇಕು ಅಕ್ಕ. ಏಣಿನ ಮೇಲೆ ನಿಂತಿರೋದು ನೋಡಿ ಕೆಳಗಿನೋರಿಗೆಲ್ಲ ನಡುಕ ಹತ್ಕೊಂಡಿದೆ. ಹಗಲೂ ರಾತ್ರಿ ಹದ್ದಿನ ಹಂಗೆ ಕಾಯ್ತಾರೆ ಅಂತಾರೆ."

"ರಾತ್ರಿನಾ?" ಬನೋನ ತೊಡೆ ತಟ್ಟಿಕೊಂಡಳು. "ಹದ್ದಲ್ಲ ಕಣೋ ಕೂಸೇ, ಕೋಳಿ! ಹೊತ್ತು ಮುಳುಗ್ತು ಅಂದ್ರೆ ಸಾಕು, ಗೂಡು ಸೇರ್ಕೊತವೆ. ರಾತ್ರಿ ಆ ಏಣಿನ ಮೇಲೆ ಇರೋದು ಗಾಳಿ ಒಂದೇ, ಅದಕ್ಕೆ ಒಲೆ ಇಲ್ವಲ್ಲ ಪಾಪ."

"ಸಾಕು ಬಿಡೇ ಬನೋನಾ" ಅಂದ ಲಿತುಗೆನ.

ಅತೆಗ್ನ ನಗುತ್ತಿದ್ದ. ನಗು ಕಂಡಮೇಲೆ ಬನೋನ ನಿಲ್ಲುವುದುಂಟೇ?

"ಯಾಕೆ, ನಿಜ ಹೇಳಿದ್ರೆ ಗಂಜಿ ಸಪ್ಪೆ ಆಗುತ್ತಾ? ನೋಡೋ ನಿಮ್ಮ ಭಾವನ್ನ. ಬೆಟ್ಟ ಕಾಯೋಕೆ ಹೋದೋನು ಬಟ್ಟಲು ಕಾಯ್ತಾ ಕೂತಿದಾನೆ. ಪೌರುಷ ಎಲ್ಲ ಒಲೆ ಮುಂದೆ! ಒಂದು ಮುದಿ ಮೇಕೆ ಹಗ್ಗ ಕಿತ್ಕೊಂಡು ಈಗ ಹತ್ತಿದ್ರೂ ಏಣು ಅದರದ್ದೇ. ಬೆಳಗ್ಗೆ ಇವರು ಹೋಗಿ, ಅಮ್ಮಾ ಮೇಕಮ್ಮ, ಸ್ವಲ್ಪ ಜಾಗ ಬಿಡು ಅಂತ ಕೇಳ್ಬೇಕು."

ಅತೆಗ್ನ ಹೆಂಡ ನೆತ್ತಿಗೇರಿ ಕೆಮ್ಮುವಷ್ಟು ನಕ್ಕ. ನಕ್ಕವನು ಎದ್ದ. ಮಲಗಿ ಬೆಳಗ್ಗೆ ಹೋಗೋ ಎಂದರೆ ಕುದುರೆಯನ್ನು ದಾರಿಯಲ್ಲಿ ಕಟ್ಟಿ ಬಂದಿದ್ದೇನೆ ಅಂದ. ಲಿತುಗೆನ ಊರಬಾಗಿಲವರೆಗೂ ಅವನ ಜೊತೆ ಹೋಗಿ ಬಂದ. ಬಂದವನು ಒಲೆಯ ಮುಂದೆ ಕೂತು, ಅತೆಗ್ನ ಉಂಡ ಬಟ್ಟಲನ್ನೇ ನೋಡುತ್ತಿದ್ದ. ಅದು ಅಂಗಾತ ಬಿದ್ದಿತ್ತು.

"ಬೋರಲು ಹಾಕಲೇ ಇಲ್ಲ ನಿನ್ನ ತಮ್ಮ."

"ಕೆಳಗಿನ ಸೀಮೆ ನೀರು ಕುಡಿದು ಒಲೆ ಮುಂದಿನ ಮರ್ಯಾದೆ ಮರೆತಿದಾನೆ. ನೀನೊಬ್ಬ, ಬಟ್ಟಲ ಮುಂದೆ ಮುಖ ಗಂಟು ಹಾಕ್ಕೊಂಡು ಕೂತ್ಕೋ" ಅಂದಳು ಬನೋನ, ಅದನ್ನು ತಾನೇ ಬೋರಲು ಹಾಕಿ ಕೆಂಡಕ್ಕೆ ಬೂದಿ ಮುಚ್ಚಿದಳು.

ಬೆಳಗ್ಗೆ ಹೊರಡುವಾಗ ಲಿತುಗೆನ ಗೋಡೆಯ ಮೇಲಿನ ಕೊಂಬನ್ನು ತೆಗೆದು ಹೆಗಲಿಗೆ ಹಾಕಿಕೊಂಡ. ಹಿಮ ಜಾರಿದಾಗ, ತೋಳ ಬಂದಾಗ ಊದುವ ಕೊಂಬು ಅದು.

"ಏನಿವತ್ತು, ಮದುವೆ ದಿಬ್ಬಣನಾ?"

"ಇರಲಿ ಬಿಡು."

ಅವಳಿಗೆ ಅಷ್ಟೇ ಗೊತ್ತು. ರಾತ್ರಿ ತಮ್ಮನ ಮುಂದೆ ಆಡಿಕೊಂಡದ್ದಕ್ಕೆ ಗಂಡನಿಗೆ ಸಿಟ್ಟು ಬಂದಿದೆ ಅಂದುಕೊಂಡಳು. ಮದುವೆಯಾದಾಗಿನಿಂದ ಬರದ ಸಿಟ್ಟು ಈಗ ಬಂತಲ್ಲ ಎಂದು ಸ್ವಲ್ಪ ಖುಷಿಯೂ ಆಯಿತು, ನಿಜ ಹೇಳಬೇಕೆಂದರೆ.

ಸಂಜೆ ಗಂಡಸರು ಸಾಲಾಗಿ ಇಳಿದು ಬಂದರು. ಸಾಲಿನಲ್ಲಿ ಲಿತುಗೆನ ಇರಲಿಲ್ಲ.

"ಯಜಮಾನ್ರೇ, ನಮ್ಮನೇದು ಎಲ್ಲಿ?"

ಬ್ರೊಗಿಮಾರ ಮೀಸೆ ನೀವಿಕೊಂಡ. "ಬರ್ತಾನೆ ಬಿಡು. ಅಲ್ಲೇ ಕೂತಿದ್ದ. ನಿನ್ನ ಬಾಯಿಗಿಂತ ಅಲ್ಲಿನ ಚಳೀನೇ ವಾಸಿ ಅನ್ನಿಸಿರ್ಬೇಕು."

ಬೀದಿ ನಕ್ಕಿತು. ಈ ಸಲ ನಗು ಇವಳ ಮೇಲೆ. ಬನೋನಳಿಗೆ ಅದು ತಡೆಯದು. ಗಂಜಿ ಆರಿತು. ಗಂಡನ ಬಟ್ಟಲು ಒಲೆಯ ಪಕ್ಕ ಅಂಗಾತ ಕಾಯುತ್ತಿತ್ತು. ಕತ್ತಲಾಯಿತು, ಮನೆಮನೆಯಲ್ಲೂ ಬೂದಿ ಮುಚ್ಚುವ ಹೊತ್ತಾಯಿತು. ಆಗ ಏಣಿನ ಮೇಲಿಂದ ಕೊಂಬು ಕೇಳಿಸಿತು. ಉದ್ದವಾಗಿ ಒಂದು ಸಲ. ಬಾಗಿಲುಗಳು ತೆರೆದವು. ಬ್ರೊಗಿಮಾರ ತನ್ನ ಬಾಗಿಲಿಂದಲೇ ಕೂಗಿದ: "ಬನೋನಾ, ನಿನ್ನ ಗಂಡ ಊದ್ತಿದಾನೆ ಕಣೇ! ಏನಂತೆ?"

ಎಲ್ಲರೂ ಅವಳ ಕಡೆ ನೋಡುತ್ತಿದ್ದರು. ಎಲ್ಲರೂ ಅವಳ ಮಾತಿಗೆ ಕಾಯುತ್ತಿದ್ದರು.

"ಗಂಜಿ ಆರೋಯ್ತಾ ಅಂತ ಕೇಳ್ತಿದಾನೆ ಯಜಮಾನ್ರೇ! ಊದಲಿ ಬಿಡಿ. ಹೊಟ್ಟೆ ಚುರುಗುಟ್ಟಿದ್ರೆ ಕಾಲು ತಾನಾಗೇ ಇಳಿಯುತ್ತೆ."

ಹೋ ಎಂದು ನಕ್ಕರು. ಯಾರೋ ಊರಬಾಗಿಲ ತನಕ ಹೋಗಿ ಕೆಳಗೆ ನೋಡಿ ಬಂದರು. ಬಿಡಾರದ ತುಂಬ ಬೆಂಕಿಗಳು ನೆಮ್ಮದಿಯಾಗಿ ಉರಿಯುತ್ತಿದ್ದವು. ಬೆಂಕಿ ಇದ್ದಮೇಲೆ ಜನ ಇರಲೇಬೇಕಲ್ಲ! ಕೊಂಬು ಮತ್ತೆ ಕೇಳಿಸಲಿಲ್ಲ. ಊರು ನಕ್ಕೊಂಡು ಮಲಗಿತು.

ಬೆಳಗಾದಾಗ ಏಣಿನ ಉದ್ದಕ್ಕೂ ಬೇರೆಯವರು ನಿಂತಿದ್ದರು. ಬಿಡಾರದಲ್ಲಿ ಬೆಂಕಿ ಉರಿಯಲು ಬಿಟ್ಟು, ದಂಡನಾಯಕನ ಆಳುಗಳು ಕತ್ತಲಲ್ಲಿ ಹತ್ತಿ, ನಮ್ಮವರು ರಾಶಿ ಹಾಕಿದ ಕಲ್ಲುಗಳ ಪಕ್ಕದಲ್ಲೇ ಆರಾಮಾಗಿ ಕೂತಿದ್ದರು. ಕೆಳಗಿನ ದಾರಿಯಲ್ಲಿ ಕುದುರೆ, ಕತ್ತೆ, ಮೂಟೆ, ಆನೆ ಎಲ್ಲ ಸಾಲಾಗಿ ಬರುತ್ತಿದ್ದವು. ನಮ್ಮವರು ಆಗಲಾದರೂ ಸುಮ್ಮನಿದ್ದರೇ? ಮೂಟೆಗಳನ್ನು ಕಂಡು ಬಾಯಲ್ಲಿ ನೀರೂರಿತು, ನುಗ್ಗಿದರು. ಕುದುರೆಗಳು ಬೆದರಿ, ಒಂದನ್ನೊಂದು ತಳ್ಳಿ, ಹೊರೆಸಮೇತ ಪ್ರಪಾತಕ್ಕೆ ಬಿದ್ದವು. ಸ್ವಲ್ಪ ಹೊತ್ತು ಗೆದ್ದೆವೆಂದೇ ಕೂಗಾಡಿದರು. ಅಷ್ಟರಲ್ಲಿ ಮೇಲಿನವರು ಇಳಿದು ಬಂದು ಬಡಿದರು. ಸತ್ತವರು ಸತ್ತರು, ಉಳಿದವರು ಕಾಡಿಗೆ ಬಿದ್ದರು. ಊರು ಖಾಲಿ. ದಂಡು ಊರಿಗೆ ನುಗ್ಗಿ ಕಣಜ ಬಳಿಯಿತು, ದನ ಹೊಡೆಯಿತು, ನಮ್ಮದೇ ಒಲೆಗಳಲ್ಲಿ ಬೇಯಿಸಿ ತಿಂದು ಮುಂದೆ ಹೋಯಿತು. ಊರು ಕೊಳ್ಳೆ ಹೊಡೆದ ಮೇಲೆ ಬ್ರೊಗಿಮಾರ ಏಣಿನ ಮೇಲೆ ರಾತ್ರಿ ಕಾವಲು ಹಾಕಿದ, ಕೋಟೆ ಬಾಗಿಲು ಮುಚ್ಚಿದವರ ಹಾಗೆ!

ಬನೋನ ಕಾಡಿನಿಂದ ಹೊರಬಂದು ನೆಟ್ಟಗೆ ಏಣು ಹತ್ತಿದಳು. ಹಿಮದಲ್ಲಿ ಕೊಂಬು ಸಿಕ್ಕಿತು, ಎರಡು ಹೋಳಾಗಿತ್ತು. ಅಲ್ಲಿಂದ ಪ್ರಪಾತದ ಅಂಚಿನವರೆಗೂ ನೆಲ ಕೆದರಿತ್ತು. ಪ್ರಪಾತಕ್ಕೆ ಇಳಿದವರು ನಮ್ಮಲ್ಲಿ ಯಾರೂ ಇಲ್ಲ. ಅವಳು ಅಂಚಿನಲ್ಲಿ ಕೂತು ಗಂಡನನ್ನು ಬೈದಳು. ಅಷ್ಟು ಸಿಟ್ಟು ಯಾಕೋ ನಿನಗೆ, ಹೆಂಡ್ತಿ ಒಂದು ಮಾತಂದ್ರೆ ಮನೆ ಬಿಟ್ಟು ಬೆಟ್ಟದ ಮೇಲೆ ಸಾಯೋಕೆ ಕೂತ್ಕೊತಾರೇನೋ, ಎಂದು ಗಂಟಲು ಕಟ್ಟುವ ತನಕ ಬೈದಳು.

ತಮ್ಮ ಯಾಕೆ ಬಂದಿದ್ದ ಎಂಬುದು ಅವಳಿಗೆ ಅವತ್ತೇ ಹೊಳೆಯಿತು. ಅತೆಗ್ನ ದಂಡಿಗೆ ದಾರಿ ತೋರಿಸುತ್ತ ಮುಂದೆ ನಡೆಯುತ್ತಿದ್ದುದನ್ನು ಕಾಡಿನಲ್ಲಿ ಅಡಗಿದ್ದವರು ಯಾರೋ ನೋಡಿದ್ದರು. ಅವನು ಆಮೇಲೆ ಹಿಮದಲ್ಲಿ ಸತ್ತನೋ, ರೋಮಿನ ಬಯಲಲ್ಲಿ ಮೆರೆದನೋ, ಯಾರಿಗೂ ಗೊತ್ತಿಲ್ಲ. ಊರು ಕೊಳ್ಳೆಯಾಗುವ ಎರಡು ಸಂಜೆ ಮೊದಲು ಅವನು ಯಾರ ಒಲೆಯ ಮುಂದೆ ಕೂತಿದ್ದ ಎಂಬುದು ಊರಿಗೆ ಗೊತ್ತಿರಲಿಲ್ಲ. ಬನೋನ ಹೇಳಲಿಲ್ಲ. ಜೀವಮಾನದಲ್ಲಿ ಅವಳು ಹೇಳದೆ ಇಟ್ಟುಕೊಂಡ ಮಾತು ಅದೊಂದೇ.

ಸತ್ತವನ ಬಟ್ಟಲನ್ನು ಚಿತೆಯ ಮೇಲೆ ಒಡೆಯುವುದು ನಮ್ಮ ಪದ್ಧತಿ. ಹೆಣವಿಲ್ಲದೆ ಚಿತೆ ಎಲ್ಲಿಂದ ಬರಬೇಕು? ಲಿತುಗೆನನ ಬಟ್ಟಲು ಒಲೆಯ ಪಕ್ಕದಲ್ಲಿ ಅಂಗಾತವೇ ಉಳಿಯಿತು. ಎಲ್ಲ ಬಟ್ಟಲೂ ಬೋರಲಾಗದೆ ಬೂದಿ ಮುಚ್ಚುವಂತಿಲ್ಲವಲ್ಲ, ಬನೋನ ಬೂದಿ ಮುಚ್ಚಲೇ ಇಲ್ಲ. ದಿನವೂ ಕಟ್ಟಿಗೆ ಒಡ್ಡಿ ಬೆಳಗಿನವರೆಗೂ ಒಲೆ ಉರಿಸುತ್ತಿದ್ದಳು. ಕಂಬಳಿ ತುಳಿದು ಬಂದದ್ದೆಲ್ಲ ಕಟ್ಟಿಗೆಗೇ ಹೋಯಿತು. ದಿನವೂ ಆ ಬಟ್ಟಲಿಗೆ ಒಂದು ಸೌಟು ಗಂಜಿ ಹಾಕಿ, ಎದುರಿಗೆ ಕೂತು ಬೈಯುತ್ತಿದ್ದಳು. ಸಿಟ್ಟಿನ ಗಂಡ, ಹಠಮಾರಿ ಗಂಡ, ಹೆಂಡತಿಯ ಮಾತಿಗೆ ಮುನಿಸಿಕೊಂಡು ಸತ್ತ ಗಂಡ. ಬೈದರೆ ಸ್ವಲ್ಪ ಹಗುರವಾಗುತ್ತಿತ್ತು. ಅವನು ಮುನಿಸಿಕೊಂಡು ಹೋದನೆಂದಾದರೆ ತಪ್ಪಿನಲ್ಲಿ ಅವನಿಗೂ ಪಾಲು ಉಂಟಲ್ಲ.

ವರ್ಷಗಳು ಹೋದವು. ಬ್ರೊಗಿಮಾರನ ಮೀಸೆ ಬೆಳ್ಳಗಾಯಿತು, ಅವನ ಬಾಯಲ್ಲಿ ಸೋಲಿನ ಬಣ್ಣವೂ ಬದಲಾಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಹಾಗೆ. ಮೊದಮೊದಲು ಆ ಮಾತೆತ್ತಿದರೆ ಎದ್ದು ಹೋಗುತ್ತಿದ್ದವನು, ಕೆಳಗಿನ ಸೀಮೆಯಲ್ಲಿ ದಂಡನಾಯಕನ ಹೆಸರು ದೊಡ್ಡದಾಗುತ್ತಾ ಹೋದಂತೆ ತಾನೂ ದೊಡ್ಡವನಾದ. ರೋಮನ್ನೇ ನಡುಗಿಸಿದವನ ಕೈಲಿ ಸೋಲುವುದೆಂದರೆ ಸಾಮಾನ್ಯವೇ? ಆ ಸೋಲಿಗೊಂದು ಯೋಗ್ಯತೆ ಬೇಕು! ಊರಿಗೆ ಬಂದ ವ್ಯಾಪಾರಿಗಳಿಗೆಲ್ಲ ಏಣು ತೋರಿಸಿ, "ಇಲ್ಲೇ ನಾನು ಅವನಿಗೆ ಎದುರು ನಿಂತದ್ದು" ಎನ್ನುತ್ತಿದ್ದ. ನಿಂತವನು ಊಟಕ್ಕೆ ಹೋದದ್ದನ್ನು ಮಾತ್ರ ಹೇಳುತ್ತಿರಲಿಲ್ಲ.

ಒಂದು ಸಂಜೆ ಉಪ್ಪಿನ ವ್ಯಾಪಾರಿಯೊಬ್ಬ ಯಜಮಾನನ ಅಂಗಳದಲ್ಲಿ ಕೂತು ಕಥೆ ಹೇಳುತ್ತಿದ್ದ. ಊರೆಲ್ಲ ಸೇರಿತ್ತು. ಬನೋನ ಹೊಸ ಕಂಬಳಿ ತಲುಪಿಸಲು ಬಂದವಳು ಅಲ್ಲೇ ಕಂಬಕ್ಕೆ ಒರಗಿ ನಿಂತಳು.

"ಅದೆಂಥಾ ತಲೆ ಅಂತೀರಿ! ರಾತ್ರಿ ಏಣು ಖಾಲಿ ಇರುತ್ತೆ ಅಂತ ಕೆಳಗೆ ಕೂತ್ಕೊಂಡೇ ಲೆಕ್ಕ ಹಾಕಿಬಿಟ್ಟ. ದೇವರು ಕಿವೀಲಿ ಹೇಳಿದ್ದಂತೆ" ಅಂದ ವ್ಯಾಪಾರಿ.

"ಹೌದಪ್ಪ. ಅಂಥ ಬುದ್ಧಿ ಎದುರಿಗೆ ಯಾರೇ ಇದ್ರೂ ಅಷ್ಟೇ" ಅಂದ ಬ್ರೊಗಿಮಾರ.

ಬನೋನ ನಕ್ಕಳು. "ಅವನಿಗೆ ದೇವರು ಯಾಕೆ ಬೇಕು ಯಜಮಾನ್ರೇ? ನೀವು ಗಂಜಿ ಸುರಿಯೋ ಸದ್ದು ಕೆಳಗಿನ ತನಕ ಕೇಳ್ತಿತ್ತು."

ಅಂಗಳ ನಕ್ಕಿತು, ವ್ಯಾಪಾರಿಯೂ ನಕ್ಕ. ಹೊರಗಿನವನ ಮುಂದೆ ಮರ್ಯಾದೆ ಹೋದದ್ದಕ್ಕೆ ಬ್ರೊಗಿಮಾರ ಕೆಂಡವಾದ.

"ನಗ್ತೀಯಾ? ನಿನ್ನ ಗಂಡನ ಕಥೆ ನಾನು ಹೇಳ್ಲಾ? ಅವತ್ತು ಬೆಳಗ್ಗೆ ಬಂದ ನನ್ನ ಹತ್ರ. ಯಜಮಾನ್ರೇ, ಇವತ್ತು ರಾತ್ರಿ ಏಣು ಖಾಲಿ ಬಿಡಬೇಡಿ, ಹತ್ತು ಜನ ಕೊಡಿ ಸಾಕು ಅಂದ. ಯಾಕೋ ಅಂದೆ. ಮೀನಿನ ಥರ ಬಾಯಿ ಬಿಟ್ಟ, ಮುಚ್ಚಿದ. ಕಾರಣ ಹೇಳು, ಕಟ್ಟು ಮುರಿದು ಜನ ಕೊಡ್ತೀನಿ ಅಂದೆ. ಹೇಳ್ಲಿಲ್ಲ! ಸಂಜೆನೂ ಕೇಳ್ದೆ, ಏನೋ ಗೊತ್ತಾಗಿದೆಯೇನೋ ನಿನಗೆ ಅಂತ. ಇಲ್ಲ ಅಂತ ತಲೆ ಅಲ್ಲಾಡಿಸಿ ಅಲ್ಲೇ ಕೂತ. ಪೆದ್ದ! ಒಂದು ಮಾತು ಹೇಳೋಕೆ ಬಾಯಿಲ್ಲದೆ ಊರು ಕೆಡಿಸಿದ. ಇಬ್ಬರಿಗೂ ಆಗೋಷ್ಟು ಬಾಯಿ ನೀನೊಬ್ಬಳೇ ಇಟ್ಕೊಂಡ್ರೆ ಅವನಿಗೆಲ್ಲಿಂದ ಬರಬೇಕು?"

ಈ ಸಲ ಅಂಗಳ ಬಿದ್ದು ಬಿದ್ದು ನಕ್ಕಿತು. ಪೆದ್ದ ಲಿತುಗೆನ, ಮೂಗ ಲಿತುಗೆನ ಎಂದು ಯಾರೋ ಅಂದರು.

ಬನೋನಳ ಕೈಯಿಂದ ಕಂಬಳಿ ಜಾರಿತು. ಕಾರಣ ಹೇಳಿದ್ದರೆ ಹತ್ತು ಜನ ಸಿಗುತ್ತಿದ್ದರು. ಕಾರಣ ಹೇಳಿದ್ದರೆ ಅವಳ ಒಲೆಗೆ ಅವತ್ತೇ ನೀರು ಬೀಳುತ್ತಿತ್ತು. ಅವನಿಗೆ ಸಿಟ್ಟೇ ಬಂದಿರಲಿಲ್ಲ. ಹೆಂಡತಿ ನಗುನಗುತ್ತಾ ತೆರೆದಿಟ್ಟ ಬಾಗಿಲನ್ನು ಅವನೊಬ್ಬನೇ ಹೋಗಿ ಮೈಯಿಂದ ಮುಚ್ಚಿ ಕೂತಿದ್ದ. ಇಷ್ಟು ವರ್ಷ ಅವಳು ದಿನವೂ ಅವನನ್ನು ಬೈದಿದ್ದಳು.

"ಅವನು ಪೆದ್ದ ಅಲ್ಲ" ಅಂದಳು. ದನಿ ಸಣ್ಣದಾಗಿತ್ತು, ಯಾರಿಗೂ ಕೇಳಿಸಲಿಲ್ಲ. ಮತ್ತೆ ಕೂಗಿದಳು. "ಅವನು ಪೆದ್ದ ಅಲ್ಲ ಕಣ್ರೋ! ಕಾರಣ ಇತ್ತು. ಹಿಂದಿನ ಸಂಜೆ ಅತೆಗ್ನ ಬಂದಿದ್ದ ನಮ್ಮನೆಗೆ. ದಂಡಿನೋನು ಅಂತ ಗೊತ್ತಿರ್ಲಿಲ್ಲ ನಂಗೆ. ರಾತ್ರಿ ಯಾರೂ ಇರಲ್ಲ ಅಂತ ನಾನೇ ಹೇಳಿದ್ದು. ಅವನು ನಗ್ತಾನೆ ಅಂತ ಹೇಳ್ದೆ. ನಿಮ್ಮ ಆ ದಂಡನಾಯಕನ ಬುದ್ಧಿ ಎಲ್ಲಾ ನನ್ನ ಗಂಜಿ ಬಟ್ಟಲಿಂದ ಹೋದದ್ದು. ನನ್ನ ಉಳಿಸೋಕೆ ಲಿತುಗೆನ ಬಾಯಿ ಮುಚ್ಕೊಂಡ, ಒಬ್ಬನೇ ಕೂತ, ಕೊಂಬೂ ಊದಿದ. ಊದಿದ್ದು ನೀವೆಲ್ಲ ಕೇಳಿಸ್ಕೊಂಡ್ರಿ. ಬನ್ನಿ ಈಗ, ನೀರು ತನ್ನಿ, ನನ್ನ ಒಲೆ ಆರಿಸಿ. ಆದ್ರೆ ಅವನನ್ನ ಪೆದ್ದ ಅನ್ಬೇಡಿ."

ಆ ರಾತ್ರಿ ಕೊಂಬು ಕೇಳಿ ನಕ್ಕವರೆಲ್ಲ ಅಲ್ಲೇ ಇದ್ದರು. ಒಬ್ಬರೂ ಅವಳ ಮುಖ ನೋಡಲಿಲ್ಲ, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಬ್ರೊಗಿಮಾರ ಗಂಟಲು ಸರಿಮಾಡಿಕೊಂಡ.

"ಯಾವ ಕೊಂಬು? ಗಾಳಿ ಅದು. ಅತೆಗ್ನನೂ ಬಂದಿರ್ಲಿಲ್ಲ, ಯಾರೂ ಬಂದಿರ್ಲಿಲ್ಲ. ಪಾಪ, ಒಂಟಿ ಮುದುಕಿ, ಒಲೆ ಮುಂದೆ ಕೂತೂ ಕೂತೂ ಏನೇನೋ ಕಟ್ಕೊಂಡಿದಾಳೆ." ವ್ಯಾಪಾರಿಯ ಕಡೆ ತಿರುಗಿದ. "ನೀವೇ ಹೇಳಿ, ಹಿಮದ ಬೆಟ್ಟ ದಾಟಿ ರೋಮಿಗೆ ನುಗ್ಗಿದೋನು ಅಂಥಾ ಮಹಾವೀರ. ಅವನಿಗೆ ಇವಳ ಗಂಜಿ ಮಾತು ಬೇಕಿತ್ತಾ?"

"ಛೆ ಛೆ" ಅಂದ ವ್ಯಾಪಾರಿ. "ಅದು ಅವನ ತಲೆ."

"ಅವನ ತಲೆ" ಅಂದರು ಎಲ್ಲರೂ, ಉಸಿರು ಬಿಟ್ಟುಕೊಂಡು. ದೇವರಂಥ ದಂಡನಾಯಕನಿಗೆ ಸೋತ ಊರು ಎಂದರೆ ಹೆಮ್ಮೆ. ಒಂದು ನಗೆಮಾತಿಗೆ ಸೋತು, ಇನ್ನೊಂದು ನಗೆಮಾತಿಗೆ ನಕ್ಕು ಮಲಗಿದ ಊರು ಎಂದರೆ ಯಾರಿಗೆ ಬೇಕು? ಥೂ! ಅವಳ ಒಲೆಗೆ ನೀರು ಸುರಿಯುವಷ್ಟು ನಿಯತ್ತೂ ಆ ಜನಕ್ಕೆ ಇರಲಿಲ್ಲ. ವ್ಯಾಪಾರಿ ಆನೆಗಳ ಕಥೆಗೆ ಹೋದ. ಯಾರೋ ಕಂಬಳಿ ಎತ್ತಿ ಕೊಡವಿ ಒಳಗಿಟ್ಟರು.

ಬನೋನ ಮನೆಗೆ ಬಂದಳು. ಒಲೆ ಉರಿಯುತ್ತಿತ್ತು. ಎಂದಿನಂತೆ ಗಂಜಿ ಕಾಯಿಸಿ ಆ ಬಟ್ಟಲಿಗೆ ಒಂದು ಸೌಟು ಹಾಕಿ ಎದುರಿಗೆ ಕೂತಳು. ಎಂದಿನಂತೆ ಬೈಯಲು ಬಾಯಿ ತೆರೆದಳು: "ಅಲ್ಲ ಮಾರಾಯಾ, ಅವತ್ತೇ ನಂಗೊಂದು ಮಾತು ಹೇಳ್ಬಾರ್ದಿತ್ತಾ, ಬಾಯಿ ಮುಚ್ಚೇ ಅಂತ?"

ಅಷ್ಟು ಹೇಳಿದವಳಿಗೆ ನೆನಪಾಯಿತು. ಅವನು ಹೇಳಿದ್ದ. "ಸಾಕು ಬಿಡೇ ಬನೋನಾ" ಎಂದಿದ್ದ, ಅದಕ್ಕೂ ಅವಳು ತಮ್ಮನನ್ನು ನಗಿಸಿದ್ದಳು.